ಲಸಿಕೆ ಹಾಕಿದ ಮಂಗದ ರಕ್ತದಲ್ಲಿ ಏನು ನೋಡಬೇಕು?

ಶಿರಸಿ ಕಡೆಯ ಅಡಿಕೆ ತೋಟಕ್ಕೆ ಬರುವ ಮಂಗಗಳಿಗೆ ಗರ್ಭನಿರೋಧಕ ಲಸಿಕೆ ಹಾಕಿದರೆ, ಅದು ಹಿಡಿಯಿತಾ ಅಂತ ರಕ್ತ ನೋಡಿ ಹೇಳಬಹುದಾ ಎಂದು ಕೇಳಿದ್ದೀರಿ. ಅರ್ಧ ಉತ್ತರ ಮಾತ್ರ ಸಿಗುತ್ತದೆ. ಎಳೆ ಅಡಿಕೆ ಉದುರಿಸಿ ಹೋದ ತೋಟ ನೋಡಿದಾಗ ಆಗುವ ಸಂಕಟ ನನಗೂ ಗೊತ್ತು, ಅದಕ್ಕೇ ಬಿಡಿಸಿ ಬರೆಯುತ್ತಿದ್ದೇನೆ.

ಅಂಡಾಣುವಿನ ಸುತ್ತ ಝೋನಾ ಪೆಲ್ಲುಸಿಡಾ ಎಂಬ ಪ್ರೋಟೀನ್ ಕವಚ ಇರುತ್ತದೆ. ಈ ಬಗೆಯ ಲಸಿಕೆಯಲ್ಲಿ ಹೆಚ್ಚಾಗಿ ಹಂದಿಯ ಕವಚವನ್ನೇ ಬಳಸುತ್ತಾರೆ. ಅದರ ವಿರುದ್ಧ ದೇಹ ಪ್ರತಿಕಾಯ (ರಕ್ತದಲ್ಲಿನ ರಕ್ಷಣಾ ಪ್ರೋಟೀನ್) ತಯಾರಿಸುತ್ತದೆ; ಅದು ಮಂಗದ ಅಂಡಾಣುವಿನ ಕವಚಕ್ಕೂ ಅಂಟಿ, ವೀರ್ಯಾಣು ಅಂಟದಂತೆ ತಡೆಯಬೇಕು. ಅಮೆರಿಕದ ಅಸಟೀಗ್ ದ್ವೀಪದ ಕಾಡುಕುದುರೆಗಳಿಗೆ ಕೊಟ್ಟಿದ್ದೂ ಇದನ್ನೇ.

ರಕ್ತದಲ್ಲಿ ಈ ಪ್ರತಿಕಾಯ ಎಷ್ಟಿದೆ ಎಂದು ಅಳೆಯುವುದು ಎಲಿಸಾ ಎಂಬ, ಬಣ್ಣ ನೋಡಿ ಹೇಳುವ ಪರೀಕ್ಷೆಯಿಂದ. 96 ಗುಳಿಗಳ ತಟ್ಟೆಗೆ ಆ ಪ್ರೋಟೀನ್ ಅಂಟಿಸಿ, ಮಂಗದ ಸೀರಮ್ (ರಕ್ತ ಹೆಪ್ಪುಗಟ್ಟಿದ ಮೇಲೆ ಉಳಿಯುವ ತಿಳಿ) ಅನ್ನು 1:100, 1:200, 1:400 ಹೀಗೆ ತೆಳು ಮಾಡುತ್ತಾ ಹಾಕಬೇಕು. ಆಮೇಲೆ ಮಂಗದ ಪ್ರತಿಕಾಯಕ್ಕೆ ಅಂಟುವ, ಕಿಣ್ವ ಜೋಡಿಸಿದ ಇನ್ನೊಂದು ಪ್ರತಿಕಾಯ. ಕೊನೆಗೆ ಆ ಕಿಣ್ವದಿಂದ ಬಣ್ಣ ಬರುತ್ತದೆ. ಎಷ್ಟು ತೆಳು ಮಾಡುವವರೆಗೂ ಬಣ್ಣ ಉಳಿಯುತ್ತದೋ ಅದೇ ಟೈಟರ್. ಲಸಿಕೆಗೆ ಮೊದಲೇ ಅದೇ ಮಂಗದ ರಕ್ತ ತೆಗೆದಿಡಲೇಬೇಕು. ಇಲ್ಲದಿದ್ದರೆ ಹೋಲಿಸಲು ಏನೂ ಇರುವುದಿಲ್ಲ, ಮುಂದಿನ ಶ್ರಮವೆಲ್ಲ ಸುಮ್ನೆ. ತಟ್ಟೆಗಳನ್ನು ಒಂದಕ್ಕೊಂದು ಹೋಲಿಸಲು, ಪ್ರತಿ ತಟ್ಟೆಯಲ್ಲೂ ಅದೇ ಒಂದು ಗೊತ್ತಿರುವ ಸೀರಮ್ ಕೂಡ ಇರಲಿ.

ಆದರೆ ಟೈಟರ್ ಜಾಸ್ತಿ ಇದ್ದರೂ ಮರಿ ಆಗಬಹುದು. ತಟ್ಟೆಯಲ್ಲಿರುವುದು ಹಂದಿಯ ಪ್ರೋಟೀನ್ ಅಲ್ವಾ? ಅದನ್ನು ಹಿಡಿದ ಪ್ರತಿಕಾಯ ಮಂಗದ ಕವಚವನ್ನು ಹಿಡಿಯದೇ ಇರಬಹುದು. ಹಿಡಿದರೂ ವೀರ್ಯಾಣು ಅಂಟುವ ಜಾಗ ಖಾಲಿ ಉಳಿದಿರಬಹುದು. ಅದಕ್ಕೇ ಮಂಗದ ಅಂಡಾಶಯದ ತೆಳು ಸೀಳಿನ ಮೇಲೆ ಸೀರಮ್ ಹಾಕಿ, ಆಮೇಲೆ ಹೊಳೆಯುವ ಬಣ್ಣ ಜೋಡಿಸಿದ ಇನ್ನೊಂದು ಪ್ರತಿಕಾಯ ಹಾಕಿ, ಕವಚ ಹೊಳೆಯುತ್ತದಾ ಅಂತ ಫ್ಲೋರೆಸೆನ್ಸ್ ಸೂಕ್ಷ್ಮದರ್ಶಕದಲ್ಲಿ ನೋಡುತ್ತಾರೆ. ಜೊತೆಗೆ ಹಿಂಡಿನಲ್ಲಿ ಹುಟ್ಟುವ ಮರಿಗಳನ್ನು ವರ್ಷ ವರ್ಷ ಎಣಿಸಬೇಕು. ಉಳಿದರ್ಧ ಉತ್ತರ ಅಲ್ಲಿದೆ.