ಸರಣಿಯ ಕೊನೆಯ ಪುಸ್ತಕ ನಿಜಕ್ಕೂ ಸೋತಿತೇ?

ಪ್ರಶ್ನೆ: ಹದಿಹರೆಯದವರಿಗಾಗಿ ಬರೆದ ಡಿಸ್ಟೋಪಿಯನ್ (ದಬ್ಬಾಳಿಕೆಯ ಕಲ್ಪಿತ ಲೋಕವನ್ನು ಚಿತ್ರಿಸುವ) ಕಾದಂಬರಿ ಸರಣಿಗಳನ್ನು ಇತ್ತೀಚೆಗೆ ಒಂದರ ಮೇಲೊಂದರಂತೆ ಓದುತ್ತಿದ್ದೇನೆ. ವಿಮರ್ಶೆ ಬರೆಯಬೇಕೆಂಬ ಆಸೆಯೂ ಇದೆ. ‘ದಿ ಹಂಗರ್ ಗೇಮ್ಸ್’ ಸರಣಿಯ ಮೊದಲ ಪುಸ್ತಕವನ್ನು ಕೆಳಗಿಡಲು ಮನಸ್ಸಾಗಲಿಲ್ಲ. ಮೂರನೆಯದಾದ ‘ಮಾಕಿಂಗ್‌ಜೇ’ ಮಾತ್ರ ನೀರಸವೆನಿಸಿತು; ನಾಯಕಿಯೇ ಮೂಲೆಗೆ ಸರಿದಂತಿತ್ತು. ಕೊನೆಯ ಪುಸ್ತಕ ಸೋತಿದೆ ಎಂದು ಬರೆಯಬಹುದೇ? ಪ್ರತಿ ಪುಸ್ತಕವನ್ನೂ ಬೇರೆಬೇರೆಯಾಗಿ ವಿಮರ್ಶಿಸಬೇಕೇ, ಇಡೀ ಸರಣಿಯನ್ನು ಒಟ್ಟಾಗಿಯೇ?

ಉತ್ತರ: ಹಾಗೆ ಬರೆಯುವ ಹಕ್ಕು ನಿಮಗೆ ಇದ್ದೇ ಇದೆ. ಆದರೆ ಯಾವುದರಲ್ಲಿ ಸೋತಿದೆ ಎಂಬುದನ್ನು ಹೇಳದೆ ಹೋದರೆ ಅದು ವಿಮರ್ಶೆಯಾಗುವುದಿಲ್ಲ, ನಿಮ್ಮ ಬೇಸರದ ವರದಿಯಷ್ಟೇ ಆಗುತ್ತದೆ. ಸರಣಿಯ ಕೊನೆಯ ಸಂಪುಟವನ್ನು ಮೊದಲ ಸಂಪುಟ ಎತ್ತಿದ ಪ್ರಶ್ನೆಯ ಎದುರಿಗಿಟ್ಟು ಅಳೆಯಬೇಕೆಂಬುದು ನನ್ನ ದೃಢವಾದ ಅಭಿಪ್ರಾಯ. ಅದು ಕೊಟ್ಟ ರೋಮಾಂಚನವನ್ನು ಅಳತೆಗೋಲಾಗಿ ಹಿಡಿದರೆ ಯಾವ ಸರಣಿಯ ಕೊನೆಯ ಪುಸ್ತಕವೂ ಉಳಿಯಲಾರದು.

ಆದ್ದರಿಂದ 2008ರಲ್ಲಿ ಸುಝಾನ್ ಕಾಲಿನ್ಸ್ ಬರೆದ ಆ ಮೊದಲ ಪುಸ್ತಕಕ್ಕೆ ಒಮ್ಮೆ ಮರಳೋಣ. ಇಪ್ಪತ್ತನಾಲ್ಕು ಮಂದಿ ಹುಡುಗ ಹುಡುಗಿಯರನ್ನು ಕಣಕ್ಕಿಳಿಸಿ, ಒಬ್ಬರೇ ಉಳಿಯುವ ತನಕ ಕಾದಾಡಿಸುವ ಕ್ರೂರ ಆಟದ ಬಗ್ಗೆಯೇ ಹೆಚ್ಚಿನ ವಿಮರ್ಶೆಗಳು ಪುಟ ತುಂಬಿಸುತ್ತವೆ. ನನ್ನ ಮಟ್ಟಿಗೆ ಆ ಲೋಕದ ನಿಜವಾದ ಭೀಕರತೆ ಇರುವುದು ಮೊದಲ ಅಧ್ಯಾಯದಲ್ಲಿ ಸಮಾಧಾನದ ಧ್ವನಿಯಲ್ಲಿ ವಿವರಿಸಲಾದ, ಕಣಕ್ಕಿಳಿಯುವವರನ್ನು ಆರಿಸುವ ಚೀಟಿಯ ನಿಯಮದಲ್ಲಿ. ಹನ್ನೆರಡು ತುಂಬಿದ ಮಗುವಿನ ಹೆಸರಿನಲ್ಲಿ ಒಂದು ಚೀಟಿ ಬೀಳುತ್ತದೆ. ಹದಿನೆಂಟರವರೆಗೆ ವರ್ಷಕ್ಕೊಂದು ಸೇರುತ್ತಾ ಹೋಗುತ್ತದೆ. ಹಸಿದ ಮನೆಯ ಮಗು ಬೇಕಾದರೆ ತನ್ನ ಹೆಸರಿನ ಹೆಚ್ಚುವರಿ ಚೀಟಿ ಹಾಕಿಸಿ, ಅದಕ್ಕೆ ಬದಲಾಗಿ ಒಬ್ಬರಿಗೆ ವರ್ಷಕ್ಕಾಗುವಷ್ಟು ಅಲ್ಪಸ್ವಲ್ಪ ಧಾನ್ಯವನ್ನೂ ಎಣ್ಣೆಯನ್ನೂ ಪಡೆಯಬಹುದು. ಹೀಗೆ ಹಾಕಿದ ಚೀಟಿಗಳು ಮರುವರ್ಷ ಅಳಿಯುವುದಿಲ್ಲ, ಸಾಲದಂತೆ ಬೆಳೆಯುತ್ತವೆ. ಪರಿಣಾಮವಾಗಿ ಹದಿನಾರರ ನಾಯಕಿ ಕ್ಯಾಟ್‌ನಿಸ್‌ಳ ಹೆಸರಿನಲ್ಲಿ 20 ಚೀಟಿಗಳಿವೆ, ಹದಿನೆಂಟರ ಅವಳ ಗೆಳೆಯ ಗೇಲ್‌ನ ಹೆಸರಿನಲ್ಲಿ 42. ಮೇಯರನ ಮಗಳ ಹೆಸರಿನಲ್ಲಿ ಇರುವುದು ಹೆಚ್ಚೆಂದರೆ ಐದು. ಕಾನೂನು ಎಲ್ಲರಿಗೂ ಒಂದೇ. ಯಾರ ಹೆಸರು ಎಷ್ಟು ಸಲ ಬುಟ್ಟಿಗೆ ಬೀಳಬೇಕೆಂಬುದನ್ನು ಹಸಿವು ತೀರ್ಮಾನಿಸುತ್ತದೆ. ಒಂದೇ ಊರಿನ ಬಡವರಿಗೂ ಅವರಿಗಿಂತ ತುಸು ಅನುಕೂಲವಿರುವವರಿಗೂ ನಡುವೆ ದ್ವೇಷ ಹುಟ್ಟಿಸುವುದೇ ಈ ನಿಯಮದ ಉದ್ದೇಶ ಎಂಬುದನ್ನು ಗೇಲ್ ಸಿಟ್ಟಿನಿಂದ ಗುರುತಿಸುತ್ತಾನೆ. ಇಷ್ಟೆಲ್ಲ ಲೆಕ್ಕ ಹೇಳಿದ ಮೇಲೆ ಕಥೆ ಎತ್ತುವುದು ಕ್ಯಾಟ್‌ನಿಸ್‌ಳ ಹನ್ನೆರಡರ ತಂಗಿಯ ಒಂದೇ ಒಂದು ಚೀಟಿಯನ್ನು. ಈ ಪುಟಗಳನ್ನು ಬಿಡಿಸಿ ತೋರಿಸಿದ ವಿಮರ್ಶಕ, ಆ ಪುಸ್ತಕ ಯಾವ ರೀತಿಯಲ್ಲಿ ಯೋಚಿಸುತ್ತದೆ ಎಂಬುದನ್ನೇ ತೋರಿಸಿದಂತೆ.

ಇಲ್ಲಿ ಹುಟ್ಟಿದ ಪ್ರಶ್ನೆ, ಮಕ್ಕಳ ಪ್ರಾಣವನ್ನು ಪಣಕ್ಕಿಟ್ಟು ಅದನ್ನು ಪ್ರದರ್ಶನವಾಗಿಸುವ ಅಧಿಕಾರ ಯಾರಿಗಿದೆ ಎಂಬುದು. 2010ರಲ್ಲಿ ಬಂದ ‘ಮಾಕಿಂಗ್‌ಜೇ’ಯಲ್ಲಿ ಈ ಪ್ರಶ್ನೆ ಬಂಡುಕೋರರ ಪಾಳಯಕ್ಕೂ ಬರುತ್ತದೆ. ನ್ಯಾಯದ ಪರ ನಿಂತವರೇ ಹದಿನೇಳರ ಹುಡುಗಿಗೆ ಬಣ್ಣ ಹಚ್ಚಿ, ವೇಷ ತೊಡಿಸಿ, ಬೇರೆಯವರು ಬರೆದ ಮಾತನ್ನು ಬಾಯಲ್ಲಿಟ್ಟು ಕ್ಯಾಮೆರಾದ ಮುಂದೆ ನಿಲ್ಲಿಸುತ್ತಾರೆ. ಬರೆದುಕೊಟ್ಟ ಮಾತು ಅವಳ ಬಾಯಲ್ಲಿ ಸಪ್ಪೆಯಾಗುತ್ತದೆ; ಆಸ್ಪತ್ರೆಯೊಂದರ ಮೇಲೆ ಬಾಂಬು ಬಿದ್ದಾಗ ಅವಳು ಉರಿದು ಆಡಿದ ಮಾತು ಮಾತ್ರ ಪ್ರಚಾರಕ್ಕೆ ಒದಗುತ್ತದೆ. ಕಥೆ ಮೊದಲಿನಿಂದಲೂ ಉತ್ತಮ ಪುರುಷದಲ್ಲಿ, ವರ್ತಮಾನ ಕಾಲದಲ್ಲಿ ಸಾಗುವುದರಿಂದ ಅವಳು ಗಾಯಗೊಂಡು ಮಲಗಿರುವಾಗ ನಡೆದದ್ದು ನಮಗೂ ಕಾಣುವುದಿಲ್ಲ. ನಾಯಕಿ ಮೂಲೆಗೆ ಸರಿದಳು ಎಂದು ನಿಮಗೆ ಅನಿಸಿದ್ದು ಸರಿಯಾಗಿಯೇ ಇದೆ. ಅವಳನ್ನು ಮೂಲೆಗೆ ಸರಿಸಿದ್ದೇ ಆ ಸಂಪುಟದ ವಸ್ತು ಎಂಬುದು ನನ್ನ ಓದು. ಹಾಗೆಂದು ಲೇಖಕಿಯ ಎಲ್ಲ ಲೋಪಗಳನ್ನೂ ಮನ್ನಿಸಬೇಕಾಗಿಲ್ಲ. ನಾವು ಹಚ್ಚಿಕೊಂಡಿದ್ದ ಕೆಲವು ಪಾತ್ರಗಳ ಸಾವು ಕೆಲವೇ ಸಾಲುಗಳಲ್ಲಿ ಮುಗಿದುಹೋಗುತ್ತದೆ, ದುಃಖಕ್ಕೆ ಪುಟವೇ ಸಿಗುವುದಿಲ್ಲ. ಯುದ್ಧದಲ್ಲಿ ಸಾವು ಬರುವುದೇ ಹಾಗೆ ಎಂದು ಸಮರ್ಥಿಸಬಹುದಾದರೂ ನನಗೆ ಅದು ಅವಸರವಾಗಿಯೇ ಕಾಣುತ್ತದೆ. ನಿಮ್ಮ ತಕರಾರನ್ನು ಅಲ್ಲಿ ಇಡಿ, ಪುಟ ತೆರೆದು ತೋರಿಸಿ.

ವೆರೋನಿಕಾ ರಾತ್ ಅವರ ‘ಡೈವರ್ಜೆಂಟ್’ ಸರಣಿಯನ್ನೂ (2011–2013) ನೀವು ಕೈಗೆತ್ತಿಕೊಳ್ಳುವುದಾದರೆ ಒಂದು ಪರೀಕ್ಷೆ ಮಾಡಿ ನೋಡಿ. ಮೊದಲೆರಡು ಸಂಪುಟಗಳಲ್ಲಿ ಕಥೆ ಹೇಳುವವಳು ನಾಯಕಿ ಟ್ರಿಸ್ ಒಬ್ಬಳೇ. ಮೂರನೆಯದರಲ್ಲಿ ಅವಳೂ ಅವಳ ಪ್ರಿಯಕರ ಟೊಬಿಯಾಸನೂ ಸರದಿಯಂತೆ ಹೇಳುತ್ತಾರೆ, ಯಾರ ಸರದಿ ಎಂಬುದು ಅಧ್ಯಾಯದ ನೆತ್ತಿಯಲ್ಲಿ ಅಚ್ಚಾಗಿರುತ್ತದೆ. ಆ ಹೆಸರನ್ನು ಬೆರಳಿನಿಂದ ಮುಚ್ಚಿ ಒಂದು ಪುಟ ಓದಿ. ಮಾತನಾಡುತ್ತಿರುವವರು ಯಾರೆಂದು ಧ್ವನಿಯಿಂದಲೇ ತಿಳಿಯಿತೇ? ನನಗೆ ಹಲವು ಕಡೆ ತಿಳಿಯಲಿಲ್ಲ. ‘ಕೊನೆಯ ಪುಸ್ತಕ ಸಪ್ಪೆ’ ಎಂಬ ತೀರ್ಪಿಗಿಂತ ಇಂತಹ ಒಂದು ಗಮನಿಕೆ ಓದುಗರಿಗೆ ಹೆಚ್ಚು ಉಪಯೋಗಕ್ಕೆ ಬರುತ್ತದೆ.

ಬೇರೆಬೇರೆಯಾಗಿಯೋ ಒಟ್ಟಾಗಿಯೋ ಎಂಬುದಕ್ಕೆ: ಎರಡೂ ಬೇಕು. ಒಂದು ಪುಸ್ತಕ ಮುಗಿದ ಕೂಡಲೇ, ಮುಂದಿನದನ್ನು ತೆರೆಯುವ ಮೊದಲು, ನಿಮ್ಮ ನಿರೀಕ್ಷೆಗಳನ್ನು ಬರೆದಿಡಿ. ಲೋಯಿಸ್ ಲೌರಿಯವರ ‘ದಿ ಗಿವರ್’ 1993ರಲ್ಲಿ ಬಂತು, ಅದೇ ಸರಣಿಯ ನಾಲ್ಕನೆಯ ಪುಸ್ತಕ ‘ಸನ್’ ಬಂದದ್ದು 2012ರಲ್ಲಿ. ಮೊದಲ ಪುಸ್ತಕದ ಕೊನೆಯಲ್ಲಿ ಹುಡುಗನಿಗೆ ಏನಾಯಿತೆಂಬ ಅನುಮಾನವನ್ನು ಆಗಿನ ಓದುಗರು ವರ್ಷಗಟ್ಟಲೆ ಹೊತ್ತುಕೊಂಡೇ ಇದ್ದರು. ನಾಲ್ಕನ್ನೂ ಒಂದೇ ವಾರದಲ್ಲಿ ಮುಗಿಸುವವರಿಗೆ ಆ ಅನುಮಾನದ ತೂಕ ತಿಳಿಯಬೇಕಾದರೆ ಮೊದಲ ಪುಸ್ತಕವನ್ನು ಅದರಷ್ಟಕ್ಕೇ ನಿಲ್ಲಿಸಿ ನೋಡಲೇಬೇಕು.

ಇನ್ನೊಂದು ವಿನಂತಿ: ‘ಹದಿಹರೆಯದವರ ಪುಸ್ತಕವಾದರೂ ಚೆನ್ನಾಗಿದೆ’ ಎಂಬ ವಾಕ್ಯವನ್ನು ದಯವಿಟ್ಟು ಬರೆಯಬೇಡಿ. ಆ ‘ಆದರೂ’ ಎಳೆಯ ಓದುಗರಿಗೆ ಮಾಡುವ ಅವಮಾನ.

ಪ್ರಶ್ನೆ: ಅದೇ ‘ಹಂಗರ್ ಗೇಮ್ಸ್’ ಲೋಕದ ಹಿಂದಿನ ಕಥೆಗಳು ಆಮೇಲೆ ಬಂದಿವೆ. ಮಗಳಿಗೆ ಕೊಡುವಾಗ ಕಥೆಯ ಕಾಲಕ್ರಮದಲ್ಲಿ ಕೊಡಲೇ, ಪ್ರಕಟವಾದ ಕ್ರಮದಲ್ಲಿ ಕೊಡಲೇ?

ಉತ್ತರ: ಪ್ರಕಟವಾದ ಕ್ರಮದಲ್ಲೇ ಕೊಡಿ. 2020ರ ‘ದಿ ಬ್ಯಾಲಡ್ ಆಫ್ ಸಾಂಗ್‌ಬರ್ಡ್ಸ್ ಅಂಡ್ ಸ್ನೇಕ್ಸ್’ ಮೂಲ ಕಥೆಗಿಂತ 64 ವರ್ಷ ಹಿಂದೆ ನಡೆಯುತ್ತದೆ, ಮುಂದೆ ಸರ್ವಾಧಿಕಾರಿಯಾಗಲಿರುವ ಸ್ನೋ ಅದರಲ್ಲಿ ಹದಿನೆಂಟರ ಹುಡುಗ. ಅವನು ಏನಾಗುತ್ತಾನೆಂದು ಮೊದಲೇ ಬಲ್ಲವರಿಗೆ ಅವನ ಒಂದೊಂದು ಸಣ್ಣ ಸಮಜಾಯಿಷಿಯೂ ಚುಚ್ಚುತ್ತದೆ. ತಿಳಿಯದೆ ಓದಿದರೆ ಅವು ಸಹಜವೆನಿಸಿ ಜಾರಿಹೋಗಬಹುದು. 2025ರಲ್ಲಿ ಬಂದ ‘ಸನ್‌ರೈಸ್ ಆನ್ ದಿ ರೀಪಿಂಗ್’ ಕೊನೆಗಿರಲಿ.

ಪ್ರಶ್ನೆ: ವಿಮರ್ಶೆಯಲ್ಲಿ ಕಥೆಯನ್ನು ಎಷ್ಟರ ಮಟ್ಟಿಗೆ ಬಿಟ್ಟುಕೊಡಬಹುದು?

ಉತ್ತರ: ಆ ಲೋಕದ ನಿಯಮಗಳನ್ನು ಧಾರಾಳವಾಗಿ ವಿವರಿಸಿ, ಪಾತ್ರಗಳು ಕೊನೆಗೆ ಮಾಡುವ ಆಯ್ಕೆಗಳನ್ನು ಹೇಳಬೇಡಿ. ಅಂತ್ಯವನ್ನು ಚರ್ಚಿಸದೆ ವಿಧಿಯಿಲ್ಲವೆಂದಾದರೆ ಆ ಭಾಗಕ್ಕೆ ಮುಂಚೆ ಒಂದು ಸಾಲಿನ ಎಚ್ಚರಿಕೆ ಕೊಡಿ. ‘ಮಾಕಿಂಗ್‌ಜೇ’ ಬಗ್ಗೆ ಬರೆಯುವಾಗ ಕ್ಯಾಮೆರಾ ತಂಡದ ದೃಶ್ಯಗಳನ್ನು ಎಷ್ಟು ಬೇಕಾದರೂ ಬಿಡಿಸಿ ಬರೆಯಿರಿ, ಕ್ಯಾಟ್‌ನಿಸ್‌ಳ ಕೊನೆಯ ಬಾಣ ಯಾರತ್ತ ಹೊರಟಿತೆಂಬುದನ್ನು ಮಾತ್ರ ಓದುವವರಿಗೇ ಬಿಟ್ಟುಬಿಡಿ.