ಊಟ ಹೇಗಿತ್ತು ಅಂತ ಕೇಳಬೇಡಿ

ಪ್ರಶ್ನೆ: ಮಲ್ಪೆ ಹತ್ತಿರ ನಮ್ಮದು ಮೂರು ಕೋಣೆಯ ಹೋಂಸ್ಟೇ. ಜರ್ಮನಿಯ ಗಂಡ ಹೆಂಡತಿ ಬರುವ ಮೊದಲೇ ಏಳು ಮೇಲ್ ಕಳಿಸಿದ್ದರು. ಸೇಂಟ್ ಮೇರೀಸ್ ದ್ವೀಪಕ್ಕೆ ಬೋಟ್ ಎಷ್ಟು ಗಂಟೆಗೆ, ಮಳೆ ಬಂದರೆ ಏನು, ನೀರು ಕುದಿಸಿದ್ದಾ ಅಂತೆಲ್ಲ. ಜಪಾನಿನ ಹುಡುಗಿ ಏನೂ ಕೇಳಲಿಲ್ಲ. ಎಲ್ಲದಕ್ಕೂ ಚೆನ್ನಾಗಿದೆ ಎಂದು ನಕ್ಕಳು, ಹೋದ ಮೇಲೆ ಆನ್‌ಲೈನ್‌ನಲ್ಲಿ ಎರಡೇ ಸ್ಟಾರ್ ಕೊಟ್ಟಳು! ದೇಶ ನೋಡಿಕೊಂಡೇ ವ್ಯವಸ್ಥೆ ಮಾಡಬಹುದಾ ಸರ್?
(ಓದುಗರೊಬ್ಬರು, ಉಡುಪಿ)

ಉತ್ತರ: ದೇಶದ ಗುಣ ಸ್ವಲ್ಪ ಇದೆ, ಆದರೆ ಅದನ್ನೇ ನಂಬಿ ಅಡುಗೆ ಮಾಡಬೇಡಿ. ಗೀರ್ಟ್ ಹಾಫ್‌ಸ್ಟೆಡ್ ಎಂಬ ಡಚ್ ವಿದ್ವಾಂಸ ಐಬಿಎಂ ಕಂಪನಿಯ ಬೇರೆ ಬೇರೆ ದೇಶದ ನೌಕರರ ಉತ್ತರಗಳನ್ನು ಸೇರಿಸಿ, 1980ರಲ್ಲಿ ಒಂದು ಪುಸ್ತಕ ಬರೆದರು. ಮುಂದೇನಾಗುತ್ತೋ ಎಂಬ ಅಳುಕು ಯಾವ ದೇಶದಲ್ಲಿ ಎಷ್ಟು ಅಂತ ಅವರು ಅಂಕ ಕೊಟ್ಟಿದ್ದಾರೆ. ಜರ್ಮನಿಗೆ 65, ಭಾರತಕ್ಕೆ 40, ಸಿಂಗಾಪುರಕ್ಕೆ ಬರೀ 8. ನಿಮ್ಮ ಏಳು ಮೇಲ್‌ಗೆ ಕಾರಣ ಸಿಕ್ಕಿತು ಅಂತ ಖುಷಿಪಡಬೇಡಿ, ಜಪಾನಿಗೆ 92! ಆ ಲೆಕ್ಕದಲ್ಲಿ ನಿಮ್ಮ ಹುಡುಗಿ ಹತ್ತು ಮೇಲ್ ಕಳಿಸಬೇಕಿತ್ತು ಅಲ್ವಾ? ಇವು ಇಡೀ ದೇಶದ ಸರಾಸರಿ, ಬಾಗಿಲಲ್ಲಿ ಬ್ಯಾಗ್ ಹಿಡಿದು ನಿಂತ ಒಬ್ಬರಿಗೆ ಇದನ್ನು ಅಂಟಿಸಬಾರದು ಅಂತ ಹಾಫ್‌ಸ್ಟೆಡ್ ಅವರೇ ಎಚ್ಚರಿಸಿದ್ದರು.

ಎರಡು ಸ್ಟಾರ್ ವಿಷಯ ಮಾತ್ರ ನನಗೆ ಆಶ್ಚರ್ಯ ಅಲ್ಲ. ಮುಖದ ಮೇಲೆ ಹೇಳಿ ಆತಿಥೇಯರಿಗೆ ಮುಜುಗರ ಮಾಡಬಾರದು ಎಂಬುದು ಜಪಾನಿನಲ್ಲಿ ದೊಡ್ಡ ಮರ್ಯಾದೆ. ನಾವೇನು ಕಡಿಮೆಯಾ? ಮದುವೆ ಊಟ ಮುಗಿಸಿ ಕೈ ತೊಳೆಯುವಾಗ ಹುಡುಗಿಯ ಅಪ್ಪ ಬಂದು ‘ಊಟ ಹೇಗಿತ್ತು?’ ಅಂದರೆ ‘ಭಾರೀ ಲಾಯ್ಕಿತ್ತು’ ಅನ್ನುತ್ತೇವೆ, ರಿಕ್ಷಾ ಗೇಟು ದಾಟುವುದೇ ತಡ, ‘ಸಾರಿಗೆ ಉಪ್ಪೇ ಇಲ್ಲ ಮಾರಾಯ್ರೇ!’

ಅದಕ್ಕೇ ‘ಚೆನ್ನಾಗಿದೆಯಾ’ ಅಂತ ಕೇಳಬೇಡಿ. ‘ಕೋರಿ ರೊಟ್ಟಿಗೆ ಖಾರ ಕಮ್ಮಿ ಮಾಡ್ಲಾ, ಹೀಗೇ ಇರ್ಲಾ?’ ಅಂತ ಕೇಳಿ. ಆಗ ಮರ್ಯಾದೆ ಕೆಡದೆ ನಿಜ ಹೊರಗೆ ಬರುತ್ತೆ. ಬೋಟಿನ ಸಮಯ, ಮಳೆಗಾಲದಲ್ಲಿ ಬೋಟ್ ಬಂದ್ ಎಂಬುದು, ನೀರಿನ ವಿಷಯ ಎಲ್ಲ ಒಂದು ಹಾಳೆಯಲ್ಲಿ ಬರೆದು ಬುಕಿಂಗ್ ದಿನವೇ ಎಲ್ಲರಿಗೂ ಕಳಿಸಿ.

ಹಾಂ, 1995ರಲ್ಲಿ ಪ್ರಕಟವಾದ ಒಂದು ಅಧ್ಯಯನವೂ ಇದೆ. ಜಪಾನ್, ಫ್ರಾನ್ಸ್, ಇಟಲಿ, ಅಮೆರಿಕದ ಪ್ರವಾಸಿಗರ 20 ನಡವಳಿಕೆಗಳಲ್ಲಿ 18ರಲ್ಲಿ ವ್ಯತ್ಯಾಸ ಕಂಡಿತಂತೆ. ಆದರೆ ಕೇಳಿದ್ದು ಪ್ರವಾಸಿಗರನ್ನಲ್ಲ, ಬ್ರಿಟಿಷ್ ಗೈಡ್‌ಗಳನ್ನು! ಅತ್ತೆಯ ಬಾಯಲ್ಲಿ ಸೊಸೆಯ ಗುಣ ಕೇಳಿದ ಹಾಗೆ.

ಪ್ರಶ್ನೆ: ಪಣಂಬೂರಿಗೆ ಕ್ರೂಸ್ ಹಡಗು ಬಂದ ದಿನ ನಾನು ರಿಕ್ಷಾ ಓಡಿಸುತ್ತೇನೆ. ಅಮೆರಿಕದವರು ಧಾರಾಳ, ಜಪಾನಿನವರು ಒಂದು ರೂಪಾಯಿ ಟಿಪ್ಸ್ ಕೊಡುವುದಿಲ್ಲ. ಅಷ್ಟು ಜಿಪುಣರಾ?
(ಓದುಗರೊಬ್ಬರು, ಸುರತ್ಕಲ್)

ಉತ್ತರ: ಜಿಪುಣತನ ಅಲ್ಲವೇ ಅಲ್ಲ. ಜಪಾನಿನಲ್ಲಿ ಟಿಪ್ಸ್ ಕೊಡುವ ಪದ್ಧತಿಯೇ ಇಲ್ಲ, ಟೇಬಲ್ ಮೇಲೆ ದುಡ್ಡು ಬಿಟ್ಟು ಎದ್ದರೆ ಮರೆತುಹೋದರು ಅಂತ ಹಿಂದೆ ಓಡಿ ಬಂದು ವಾಪಸ್ ಕೊಡುತ್ತಾರೆ. ಅಮೆರಿಕದಲ್ಲಿ ಟಿಪ್ಸ್ ಮೇಲೆ ಬದುಕುವ ಹೋಟೆಲ್ ಕೆಲಸಗಾರರಿಗೆ ಮಾಲೀಕ ಕೈಯಿಂದ ಕೊಡಬೇಕಾದದ್ದು, ಕೇಂದ್ರ ಕಾನೂನಿನ ಪ್ರಕಾರ, ಗಂಟೆಗೆ 2.13 ಡಾಲರ್ ಮಾತ್ರ, 1991ರಿಂದ ಅಷ್ಟೇ. ಉಳಿದ ಸಂಬಳ ಹೆಚ್ಚಾಗಿ ಗಿರಾಕಿಯ ಜೇಬಿನಿಂದಲೇ ಬರುತ್ತದೆ. ಆ ಅಭ್ಯಾಸದಲ್ಲೇ ಅವರು ನಿಮಗೂ ಕೊಡುತ್ತಾರೆ. ಕುದ್ರೋಳಿಗೆ ಎಷ್ಟು, ಮೂಡುಬಿದಿರೆಯ ಸಾವಿರ ಕಂಬದ ಬಸದಿಗೆ ಎಷ್ಟು, ಕಾಯುವುದಕ್ಕೆ ಎಷ್ಟು ಅಂತ ಹತ್ತುವ ಮೊದಲೇ ಎಲ್ಲರಿಗೂ ಒಂದೇ ಬಾಡಿಗೆ ಹೇಳಿ. ಟಿಪ್ಸ್ ನಂಬಿಕೊಂಡು ಬಾಡಿಗೆ ಇಳಿಸಬೇಡಿ.

ಪ್ರಶ್ನೆ: ನಮ್ಮವರು ಹೊರದೇಶಕ್ಕೆ ಹೋದಾಗ ಹೇಗಿರುತ್ತಾರೆ?
(ಓದುಗರೊಬ್ಬರು, ಬಿಜೈ)

ಉತ್ತರ: ಸೂಟ್‌ಕೇಸ್ ತೆರೆದು ನೋಡಿ. ಅರ್ಧ ಬಟ್ಟೆ, ಅರ್ಧ ಉಪ್ಪಿನಕಾಯಿ.