ದೊಡ್ಡ ಟಯರ್ ಹಾಕಿಸುವ ಮುಂಚೆ: ತೋಟದ ದಾರಿಯ ಡೀಸೆಲ್ ಗಾಡಿಗಳ ಬಗ್ಗೆ ಓದುಗರ ಪ್ರಶ್ನೆ, ತಜ್ಞರ ಉತ್ತರ

ಪ್ರಶ್ನೆ: ನನ್ನದು ಇಸುಜು ವಿ-ಕ್ರಾಸ್, 2.5 ಲೀಟರ್ ಡೀಸೆಲ್. ಮಳೆಗಾಲದಲ್ಲಿ ಕಾಫಿ ತೋಟದ ಏರಿನಲ್ಲಿ ಚಕ್ರ ಸುಮ್ಮನೆ ಸುತ್ತುತ್ತದೆ, ಗಾಡಿ ಹತ್ತುವುದಿಲ್ಲ. 33 ಇಂಚಿನ ಟಯರ್ ಹಾಕಿಸಿ ಎರಡು ಇಂಚು ಎತ್ತರಿಸಿದರೆ ಸರಿಹೋಗುತ್ತದೆ ಎನ್ನುತ್ತಾರೆ ಅಂಗಡಿಯವರು. ಮಾಡಿಸಲೇ?
– ಓದುಗರೊಬ್ಬರು, ಸೋಮವಾರಪೇಟೆ

ಉತ್ತರ: ಈಗಲೇ ಬೇಡ. ನಿಮಗೆ ಬೇಕಿರುವುದು ಹಿಡಿತ, ಅವರು ಕೊಡಲು ಹೊರಟಿರುವುದು ಎತ್ತರ.

ಕಂಪನಿ ಕೊಟ್ಟ 255/60 ಆರ್18 ಟಯರಿನ ವ್ಯಾಸ ಸುಮಾರು 763 ಮಿ.ಮೀ. ಅಂಗಡಿಯವರು 33 ಇಂಚು ಎನ್ನುತ್ತಿರುವುದು ಬಹುಶಃ 285/70 ಆರ್17, ಅಂದರೆ 831 ಮಿ.ಮೀ. ವ್ಯಾಸದಲ್ಲಿ 68 ಹೆಚ್ಚಿದರೂ ಹಿಂದಿನ ಡಿಫರೆನ್ಷಿಯಲ್ (ಆಕ್ಸಲ್ ನಡುವಿನ ಗೇರ್ ಗೋಳ) ಕೆಳಗೆ ನಿಮಗೆ ಸಿಗುವುದು ಅದರ ಅರ್ಧ, 34 ಮಿ.ಮೀ. ಅಷ್ಟೇ. ಲಿಫ್ಟ್ ಕಿಟ್ ಇದಕ್ಕೆ ಏನನ್ನೂ ಸೇರಿಸುವುದಿಲ್ಲ. ಅದು ಎತ್ತುವುದು ಬಾಡಿ ಮತ್ತು ಚಾಸಿಯನ್ನು. ಹಿಂದಿನ ಆಕ್ಸಲ್ ಇದ್ದಲ್ಲೇ ಇರುತ್ತದೆ. ಇದನ್ನು ಬಿಲ್ ಕೊಡುವಾಗ ಯಾರೂ ಹೇಳುವುದಿಲ್ಲ.

ಆ 34 ಮಿ.ಮೀ.ಗೆ ತೆರುವ ಬೆಲೆ ನೋಡಿ. ಚಕ್ರದ ಸುತ್ತಳತೆ ಸುಮಾರು ಶೇ 9ರಷ್ಟು ಹೆಚ್ಚಿದರೆ ಎಲ್ಲ ಗೇರುಗಳೂ ಅಷ್ಟೇ ಭಾರವಾಗುತ್ತವೆ. ನಿಮ್ಮ ಎಂಜಿನ್ ಪೂರ್ತಿ 320 ಎನ್‌ಎಂ ಟಾರ್ಕ್ ಕೊಡುವುದು 1800 ಆರ್‌ಪಿಎಂ ಮೇಲೆ. ಏರಿನಲ್ಲಿ ಆರ್‌ಪಿಎಂ ಅದಕ್ಕಿಂತ ಕೆಳಗೆ ಬಿದ್ದರೆ ಟರ್ಬೊ ಕೈಕೊಡುತ್ತದೆ, ಚಾಲಕ ಕ್ಲಚ್ಚನ್ನು ಅರ್ಧ ಒತ್ತಿಕೊಂಡೇ ಹತ್ತಿಸಲು ನೋಡುತ್ತಾನೆ, ಕ್ಲಚ್ ಪ್ಲೇಟ್ ಸುಡುತ್ತದೆ. ಸ್ಪೀಡೋಮೀಟರ್ 60 ತೋರಿಸುವಾಗ ಮೊದಲಿನ ಲೆಕ್ಕಕ್ಕಿಂತ 5 ಕಿ.ಮೀ. ಹೆಚ್ಚು ವೇಗದಲ್ಲಿರುತ್ತೀರಿ. ಒಂದೊಂದು ಚಕ್ರವೂ ಹತ್ತು ಕೆ.ಜಿ. ಆಸುಪಾಸು ಭಾರವಾಗುವುದರಿಂದ ಬ್ರೇಕ್ ಹಿಡಿಯುವ ದೂರ ಹೆಚ್ಚುತ್ತದೆ. ಬಾಲ್ ಜಾಯಿಂಟ್, ಟೈ ರಾಡ್ ಎಂಡ್, ವೀಲ್ ಬೇರಿಂಗ್ ಬೇಗ ಸವೆಯುತ್ತವೆ. ಗೇರಿಂಗ್ ಮೊದಲಿನಂತಾಗಬೇಕಿದ್ದರೆ ಮುಂದೆ ಹಿಂದೆ ಎರಡೂ ಕಡೆ ಒಂದೇ ಅನುಪಾತದ ಕ್ರೌನ್-ಪಿನಿಯನ್ (ಡಿಫರೆನ್ಷಿಯಲ್ ಒಳಗಿನ ಗೇರ್ ಜೋಡಿ) ಹಾಕಿಸಬೇಕು. ಒಂದನ್ನು ಮಾತ್ರ ಬದಲಿಸಿ ಫೋರ್ ವೀಲ್ ಹಾಕಿದರೆ, ಮುಂದೆ ಹಿಂದೆ ಶಕ್ತಿ ಹಂಚುವ ಟ್ರಾನ್ಸ್‌ಫರ್ ಕೇಸ್ ಉಳಿಯುವುದಿಲ್ಲ.

ಹಾಗಾದರೆ ಏನು ಮಾಡಬೇಕು? ಮೊದಲು ಗಾಳಿ ಇಳಿಸಿ ನೋಡಿ. ಖಾಲಿ ಗಾಡಿಗೆ ತೋಟದೊಳಗೆ 20ರಿಂದ 22 ಪಿಎಸ್‌ಐ ಸಾಕು; ಹಿಂದೆ ಚೀಲ ಹೇರಿದ್ದರೆ ಹಿಂಚಕ್ರಕ್ಕೆ 28ಕ್ಕಿಂತ ಕಡಿಮೆ ಬೇಡ. 18ಕ್ಕಿಂತ ಕೆಳಗೆ ಇಳಿಸಿ ತಿರುವಿನಲ್ಲಿ ಒತ್ತಿದರೆ ಟಯರಿನ ಅಂಚು ರಿಮ್ ಬಿಟ್ಟು ಬರುತ್ತದೆ. ಗಾಳಿ ಇಳಿಸಿದ ಮೇಲೆ ವೇಗ 25–30 ದಾಟಬಾರದು, ಡಾಂಬರು ರಸ್ತೆಗೆ ಬರುವ ಮುಂಚೆ ಮತ್ತೆ ತುಂಬಿಸಲೇಬೇಕು. ಬ್ಯಾಟರಿಗೆ ನೇರ ಕ್ಲಿಪ್ ಹಾಕುವ 12 ವೋಲ್ಟ್ ಕಂಪ್ರೆಸರ್ ಕೊಳ್ಳಿ. ಸಿಗಾರ್ ಲೈಟರ್ ಸಾಕೆಟ್ಟಿಗೆ ಚುಚ್ಚುವ ಚಿಕ್ಕವು ಈ ಟಯರುಗಳಿಗೆ ಸಾಲುವುದಿಲ್ಲ.

ಎರಡನೆಯದು ಟಯರಿನ ಹಲ್ಲು. ಕೆಂಪು ಜೇಡಿಗೆ ಹೈವೇ ಟಯರಿನ ಸಣ್ಣ ಗೀರುಗಳು ಒಂದೇ ಸುತ್ತಿನಲ್ಲಿ ಮೆತ್ತಿಕೊಂಡು ನುಣುಪಾಗುತ್ತವೆ. ಅಗಲ ಸಂದಿನ ಎಂಟಿ, ಅಂದರೆ ಮಡ್ ಟೆರೇನ್ ಟಯರು, ತಿರುಗುವಾಗಲೇ ಮಣ್ಣನ್ನು ಹೊರಗೆಸೆಯುತ್ತದೆ. ವಾರಕ್ಕೆರಡು ಸಲ ಮೈಸೂರಿಗೂ ಹೋಗುವವರಾದರೆ ಎಟಿ, ಅಂದರೆ ಆಲ್ ಟೆರೇನ್ ಟಯರೇ ಸರಿ. ಎಂಟಿ ಡಾಂಬರಿನ ಮೇಲೆ ಗದ್ದಲ ಮಾಡುತ್ತದೆ, ಮಳೆಯಲ್ಲಿ ಬ್ರೇಕಿಗೂ ಅಷ್ಟು ನಂಬಿಕಸ್ತವಲ್ಲ. ಲೋಡ್ ಇಂಡೆಕ್ಸ್ ಹಳೆಯ ಟಯರಿಗಿಂತ ಕಡಿಮೆ ಆಗಬಾರದು. 112 ಎಂದು ಬರೆದಿದ್ದರೆ ಒಂದು ಟಯರಿಗೆ 1120 ಕೆ.ಜಿ. ಎಂದರ್ಥ.

ಅಳತೆ ಹೆಚ್ಚಿಸಲೇಬೇಕೆಂದರೆ 265/60 ಆರ್18 ನೋಡಿ. ವ್ಯಾಸ 775 ಮಿ.ಮೀ., ಮೂಲದ ರಿಮ್ಮೇ ಆಗುತ್ತದೆ, ಲಿಫ್ಟ್ ಬೇಡ. ಎಳೆಯಬಹುದಾದ ಕೊನೆಯ ಗಡಿ 17 ಇಂಚಿನ ರಿಮ್ಮಿನ ಮೇಲೆ 265/70, ಅಂದರೆ 803 ಮಿ.ಮೀ. ಇದಕ್ಕೆ ಮುಂದಿನ ಕಾಯಿಲ್ ಸ್ಪ್ರಿಂಗ್, ಹಿಂದಿನ ಪಾಟಾ (ಲೀಫ್ ಸ್ಪ್ರಿಂಗ್), ನಾಲ್ಕೂ ಶಾಕ್ ಅಬ್ಸಾರ್ಬರ್ ಒಟ್ಟಿಗೇ ಬದಲಾಗುವ 40–50 ಮಿ.ಮೀ. ಕಿಟ್ ಬೇಕು. ರಿಮ್ಮಿನ ಒಳಮೈಯಲ್ಲಿ ಇಟಿ ಎಂದು ಕೆತ್ತಿದ ಸಂಖ್ಯೆ ಮೂಲ ರಿಮ್ಮಿಗಿಂತ 10ಕ್ಕೂ ಹೆಚ್ಚು ಕಡಿಮೆಯಾದರೆ ಚಕ್ರ ಹೊರಗೆ ಚಾಚಿ ಬೇರಿಂಗಿನ ಮೇಲೆ ಭಾರ ಬೀಳುತ್ತದೆ. ಹಣ ಕೊಡುವ ಮುಂಚೆ ಅಂಗಡಿಯಲ್ಲೇ ಒಂದು ಮುಂಚಕ್ರವನ್ನು ಎತ್ತರದ ಕಟ್ಟೆಯ ಮೇಲೆ ಹತ್ತಿಸಿ ಸಸ್ಪೆನ್ಷನ್ ಪೂರ್ತಿ ಒತ್ತಿಸಿ. ಸ್ಟಿಯರಿಂಗನ್ನು ಎರಡೂ ಕೊನೆಗೆ ತಿರುಗಿಸಿ, ಚಕ್ರದ ಹಿಂಬದಿಯ ಲೈನರ್ (ಮಡ್ಗಾರ್ಡ್ ಒಳಗಿನ ಪ್ಲಾಸ್ಟಿಕ್ ಹೊದಿಕೆ) ಮತ್ತು ಟಯರಿನ ನಡುವೆ ಎರಡು ಬೆರಳು ಹೋಗುತ್ತವೆಯೇ ನೋಡಿ. ಹೋಗದಿದ್ದರೆ ಮೊದಲ ಗುಂಡಿಯಲ್ಲೇ ಲೈನರ್ ಹರಿಯುತ್ತದೆ. ಸ್ಟೆಪ್ನಿಯೂ ಅದೇ ಅಳತೆಯದಿರಬೇಕು, ಅದು ಟ್ರೇ ಕೆಳಗಿನ ಜಾಗದಲ್ಲಿ ಕೂರುತ್ತದೆಯೇ ಎಂದು ಟೇಪು ಹಿಡಿದು ಅಳೆಯಿರಿ.

ಪ್ರಶ್ನೆ: ಹಳೆಯ ಥಾರ್ ಸಿಆರ್‌ಡಿಇ. ಗ್ಯಾರೇಜಿನಲ್ಲಿ ಮುಂದೆ ಟಾರ್ಷನ್ ಬಾರ್ (ಸ್ಪ್ರಿಂಗಿನಂತೆ ಕೆಲಸ ಮಾಡುವ ಸರಳು) ಬಿಗಿ ಮಾಡಿ, ಹಿಂದೆ ಉದ್ದದ ಶ್ಯಾಕಲ್ (ಪಾಟಾವನ್ನು ಚಾಸಿಗೆ ಜೋಡಿಸುವ ಕೊಂಡಿ) ಹಾಕಿ ಎತ್ತರಿಸಿಕೊಟ್ಟರು. ಅಲ್ಲಿಂದೀಚೆಗೆ ಮುಂದಿನ ಆಕ್ಸಲ್ ರಬ್ಬರ್ ಬೂಟ್ ಎರಡು ಸಲ ಹರಿದಿದೆ, 70ರ ಮೇಲೆ ಗಾಡಿ ಅತ್ತಿತ್ತ ಎಳೆಯುತ್ತದೆ. ಯಾಕೆ?
– ಓದುಗರೊಬ್ಬರು, ಕೊಪ್ಪ

ಉತ್ತರ: ಎರಡೂ ಕಾಯಿಲೆಗೆ ಮೂಲ ಒಂದೇ, ಅತಿಯಾಗಿ ಎತ್ತಿದ್ದು. ಟಾರ್ಷನ್ ಬಾರ್ ಬಿಗಿ ಮಾಡಿದರೆ ಹೊಸ ಸ್ಪ್ರಿಂಗ್ ಬಂದಂತಲ್ಲ. ಇರುವ ಆಟದಲ್ಲೇ ಗಾಡಿ ಮೇಲಿನ ತುದಿಗೆ ಹೋಗಿ ನಿಲ್ಲುತ್ತದೆ. ಚಕ್ರ ಕೆಳಗಿಳಿಯಲು ಜಾಗವೇ ಉಳಿಯದೆ ಪ್ರತಿ ಗುಂಡಿಯಲ್ಲೂ ಸ್ಟಾಪರ್‌ಗೆ ಬಡಿಯುತ್ತದೆ. ಮುಂಚಕ್ರಕ್ಕೆ ಶಕ್ತಿ ಒಯ್ಯುವ ಆಕ್ಸಲ್ಲಿನ ಸಿವಿ ಜಾಯಿಂಟ್ ಸದಾ ಓರೆಯಾಗಿ ತಿರುಗುವುದರಿಂದ ಬೂಟಿನ ಮಡಿಕೆಗಳು ಒಂದಕ್ಕೊಂದು ಉಜ್ಜಿ ಹರಿಯುತ್ತವೆ. ಹೊಸ ಬೂಟ್ ಹಾಕಿಸುತ್ತಾ ಹೋದರೆ ಪ್ರಯೋಜನವಿಲ್ಲ.

ಸಮತಟ್ಟು ನೆಲದಲ್ಲಿ ನಿಲ್ಲಿಸಿ, ಎರಡೂ ಬದಿ ಗಾಳಿ ಸಮ ಮಾಡಿ, ಹಬ್ಬಿನ ನಡುವಿನಿಂದ ಮಡ್ಗಾರ್ಡ್ ಅಂಚಿನವರೆಗೆ ಅಳೆಯಿರಿ. ಮೂಲ ಎತ್ತರಕ್ಕಿಂತ 25 ಮಿ.ಮೀ. ಮೇಲಿರುವಷ್ಟಕ್ಕೆ ಟಾರ್ಷನ್ ಬಾರ್ ಬೋಲ್ಟ್ ಸಡಿಲಿಸಿ ಇಳಿಸಿ. ಪ್ರತಿ ಸಲ ತಿರುಗಿಸಿದ ಮೇಲೂ ಗಾಡಿಯನ್ನು ಹಿಂದೆ ಮುಂದೆ ಹೊರಳಿಸಿ ಮತ್ತೆ ಅಳೆಯಿರಿ, ಇಲ್ಲದಿದ್ದರೆ ಸುಳ್ಳು ಅಳತೆ ಸಿಗುತ್ತದೆ. ಪೂರ್ತಿ ತಿರುಗಿಸಿ ನಿಧಾನ ಓಡಿಸುವಾಗ ಟಕಟಕ ಸದ್ದು ಬಂದರೆ ಜಾಯಿಂಟಿನೊಳಗೆ ಮಣ್ಣು ಹೋಗಿ ಸವೆದಿದೆ, ಅದನ್ನೇ ಬದಲಿಸಬೇಕು. ಸದ್ದಿಲ್ಲದಿದ್ದರೆ ಹಳೆಯ ಗ್ರೀಸ್ ಪೂರ್ತಿ ತೊಳೆದು, ಮಾಲಿಬ್ಡಿನಂ ಇರುವ ಸಿವಿ ಗ್ರೀಸನ್ನೇ ತುಂಬಿಸಿ. ಮಾಮೂಲಿ ಚಾಸಿ ಗ್ರೀಸ್ ಆಗದು.

ಅತ್ತಿತ್ತ ಎಳೆಯುವುದಕ್ಕೆ ಹಿಂದಿನ ಶ್ಯಾಕಲ್ಲೂ ಪಾಲುದಾರ. ಹಿಂಭಾಗ ಮುಂಭಾಗಕ್ಕಿಂತ ಹೆಚ್ಚು ಎದ್ದರೆ ಗಾಡಿ ಮುಂದಕ್ಕೆ ಬಾಗಿ ಕ್ಯಾಸ್ಟರ್ (ಸ್ಟಿಯರಿಂಗ್ ಅಕ್ಷ ಹಿಂದಕ್ಕೆ ವಾಲಿರುವ ಕೋನ) ಕಡಿಮೆಯಾಗುತ್ತದೆ, ಸ್ಟಿಯರಿಂಗ್ ತಾನೇ ನೇರಕ್ಕೆ ಮರಳುವುದಿಲ್ಲ. ಎತ್ತರ ಸರಿಪಡಿಸಿದ ಮೇಲೆ ಕ್ಯಾಸ್ಟರ್, ಕ್ಯಾಂಬರ್, ಟೋ ಮೂರನ್ನೂ ಅಳೆದು ಪ್ರಿಂಟ್ ಕೊಡುವ ಕಡೆಯೇ ಅಲೈನ್‌ಮೆಂಟ್ ಮಾಡಿಸಿ.

ಹಿಂದಿನ ಆಕ್ಸಲ್ಲಿಗೆ ಸರಳು ಜೋಡಿಸಿದ ಲೋಡ್ ಸೆನ್ಸಿಂಗ್ ವಾಲ್ವ್ ಇರುವ ಪಿಕಪ್‌ಗಳ ಮಾಲೀಕರೂ ಇದನ್ನು ಓದಿಕೊಳ್ಳಿ. ಹಿಂಭಾಗ ಎತ್ತಿದೊಡನೆ ಗಾಡಿ ಖಾಲಿ ಇದೆ ಎಂದು ಆ ವಾಲ್ವ್ ತಿಳಿಯುತ್ತದೆ, ಹಿಂದಿನ ಬ್ರೇಕಿಗೆ ಒತ್ತಡ ತಗ್ಗಿಸುತ್ತದೆ. ಲೋಡ್ ಹೇರಿ ಘಾಟಿ ಇಳಿಯುವಾಗ ಮುಂದಿನ ಬ್ರೇಕ್ ಒಂದೇ ಎಲ್ಲ ಭಾರ ಹೊರಬೇಕಾಗುತ್ತದೆ. ಎತ್ತಿದಷ್ಟಕ್ಕೆ ತಕ್ಕಂತೆ ಸರಳನ್ನೂ ಸರಿಹೊಂದಿಸಬೇಕು. ಬ್ರೇಕ್ ಹೋಸ್, ಹ್ಯಾಂಡ್‌ಬ್ರೇಕ್ ಕೇಬಲ್‌ಗಳನ್ನು ಚಕ್ರ ಪೂರ್ತಿ ಜೋತುಬಿದ್ದಾಗ ನೋಡಿ. ಪಾಟಾ ಬಿಚ್ಚಿದ್ದರೆ ಯು-ಬೋಲ್ಟ್ ಹೊಸದೇ ಆಗಬೇಕು, 500 ಕಿ.ಮೀ. ಆದ ಮೇಲೆ ಮತ್ತೆ ಬಿಗಿ ಮಾಡಬೇಕು.

ಪ್ರಶ್ನೆ: ಬಿಎಸ್6 ಡೀಸೆಲ್ ಥಾರ್ ತೋಟದಲ್ಲೇ ಹೆಚ್ಚು ಓಡುತ್ತದೆ. ಡಿಪಿಎಫ್ (ಹೊಗೆಯ ಮಸಿ ಹಿಡಿಯುವ ಫಿಲ್ಟರ್) ದೀಪ ಪದೇ ಪದೇ ಬರುತ್ತದೆ. ಡಿಪಿಎಫ್ ತೆಗೆಸಿ, ಎಂಜಿನ್ ಕಂಪ್ಯೂಟರಿನ ಸಾಫ್ಟ್‌ವೇರ್ ಬದಲಿಸುವ ರಿಮ್ಯಾಪ್ ಮಾಡಿಸಿದರೆ ದೊಡ್ಡ ಟಯರಿಗೂ ಶಕ್ತಿ ಸಿಗುತ್ತದಂತೆ?
– ಓದುಗರೊಬ್ಬರು, ಮೂಡಿಗೆರೆ

ಉತ್ತರ: ತೆಗೆಸಬೇಡಿ, ಅದು ಕಾನೂನುಬಾಹಿರ, ವಾರಂಟಿಯೂ ಹೋಗುತ್ತದೆ. ಫಿಲ್ಟರಿನಲ್ಲಿ ಕೂತ ಮಸಿ ಉರಿಯಲು ಸುಮಾರು 600 ಡಿಗ್ರಿ ಶಾಖ ಬೇಕು. ಎಂಜಿನ್ ಇದಕ್ಕಾಗಿ ಸ್ವಲ್ಪ ಹೆಚ್ಚುವರಿ ಡೀಸೆಲ್ ಚಿಮ್ಮಿಸುತ್ತದೆ. ಅಷ್ಟರಲ್ಲಿ ನೀವು ಕಣದ ಹತ್ತಿರ ನಿಲ್ಲಿಸಿ ಕೀ ತೆಗೆದರೆ ಕೆಲಸ ಅರ್ಧಕ್ಕೇ ನಿಲ್ಲುತ್ತದೆ. ಉರಿಯದ ಡೀಸೆಲ್ ಎಂಜಿನ್ ಆಯಿಲ್ಲಿಗೆ ಸೇರುತ್ತದೆ. ಆದ್ದರಿಂದ ಡಿಪ್‌ಸ್ಟಿಕ್‌ನಲ್ಲಿ ಆಯಿಲ್ ಮಟ್ಟ ಏರುತ್ತಿದ್ದರೆ ಖುಷಿಪಡಬೇಡಿ, ಬದಲಿಸಿ. ವಾರಕ್ಕೊಮ್ಮೆ 20–30 ನಿಮಿಷ ಹೆದ್ದಾರಿಯಲ್ಲಿ, ಒಂದು ಗೇರ್ ಕಡಿಮೆ ಇಟ್ಟು 2000 ಆರ್‌ಪಿಎಂ ಮೇಲೆ ಓಡಿಸಿ. ಫೆಬ್ರುವರಿ–ಮಾರ್ಚ್‌ನಲ್ಲಿ ದೀಪ ಉರಿಯುತ್ತಿರುವಾಗ ಒಣಹುಲ್ಲಿನ ಮೇಲೆ ನಿಲ್ಲಿಸಲೇಬೇಡಿ, ಬೆಂಕಿ ಹೊತ್ತಿಕೊಳ್ಳಬಹುದು.

ಪ್ರಶ್ನೆ: ಇದನ್ನೆಲ್ಲ ಮಾಡಿಸಿದರೆ ಆರ್‌ಟಿಒ ಹಿಡಿಯುತ್ತಾರೆಯೇ?
– ಹಲವು ಓದುಗರು

ಉತ್ತರ: ಹಿಡಿಯಬಹುದು. 1988ರ ಮೋಟಾರು ವಾಹನ ಕಾಯ್ದೆಯ 52ನೇ ಕಲಂ ಪ್ರಕಾರ, ತಯಾರಕರು ನಿಗದಿಪಡಿಸಿದ ವಿವರಕ್ಕಿಂತ ಆರ್‌ಸಿ ವಿವರ ಬೇರೆಯಾಗುವಂತೆ ಗಾಡಿ ಬದಲಿಸುವಂತಿಲ್ಲ. 2019ರ ಜನವರಿಯಲ್ಲಿ ಸುಪ್ರೀಂ ಕೋರ್ಟ್ ಕೂಡ ಇದನ್ನೇ ಹೇಳಿದೆ. 182ಎ ಕಲಂನಲ್ಲಿ ಪ್ರತಿ ಬದಲಾವಣೆಗೆ 5000 ರೂ. ದಂಡ, ಆರು ತಿಂಗಳವರೆಗೆ ಜೈಲು, ಅಥವಾ ಎರಡೂ ವಿಧಿಸಲು ಅವಕಾಶವಿದೆ. ದಂಡಕ್ಕಿಂತ ದೊಡ್ಡ ಭಯ ವಿಮೆ ಪರಿಹಾರ ಕೈತಪ್ಪೀತೆಂಬುದು. ನಿಮ್ಮ ಮಾಡೆಲ್ಲಿನ ಬೇರೆ ವೇರಿಯಂಟಿಗೆ ಕಂಪನಿಯೇ ಕೊಟ್ಟ ಟಯರ್ ಅಳತೆಯೊಳಗೆ ಇರುವುದು ಕ್ಷೇಮ. ಥಾರ್‌ನಲ್ಲಾದರೆ ಅವು 245/75 ಆರ್16 ಮತ್ತು 255/65 ಆರ್18. ಅದನ್ನು ಮೀರಿದರೆ ವಿಮಾ ಕಂಪನಿಗೆ ಬರವಣಿಗೆಯಲ್ಲಿ ತಿಳಿಸಿ.

ಪ್ರಶ್ನೆ: ಹೊಳೆ ದಾಟಲು ಸ್ನಾರ್ಕಲ್ (ಎಂಜಿನ್ನಿಗೆ ಮೇಲಿನಿಂದ ಗಾಳಿ ತರುವ ಕೊಳವೆ) ಹಾಕಿಸಿದರೆ ಸಾಕೇ?
– ಓದುಗರೊಬ್ಬರು, ಸಕಲೇಶಪುರ

ಉತ್ತರ: ಸಾಲದು. ಸ್ನಾರ್ಕಲ್ ಕಾಪಾಡುವುದು ಎಂಜಿನ್ ಒಳಕ್ಕೆ ಹೋಗುವ ಗಾಳಿಯನ್ನು ಮಾತ್ರ, ಅದೂ ಪ್ರತಿ ಜೋಡಣೆಗೂ ಸೀಲಂಟ್ ಹಚ್ಚಿದ್ದರೆ. ಕಾದ ಡಿಫರೆನ್ಷಿಯಲ್ ತಣ್ಣೀರಿಗೆ ಇಳಿದಾಗ ಒಳಗಿನ ಗಾಳಿ ಕುಗ್ಗಿ, ಬ್ರೀದರ್ (ಗಾಳಿ ಆಡುವ ಸಣ್ಣ ಕಿಂಡಿ) ಮೂಲಕವೇ ನೀರು ಒಳಗೆಳೆದುಕೊಳ್ಳುತ್ತದೆ. ಎರಡೂ ಡಿಫರೆನ್ಷಿಯಲ್, ಗೇರ್‌ಬಾಕ್ಸ್, ಟ್ರಾನ್ಸ್‌ಫರ್ ಕೇಸ್‌ಗಳ ಬ್ರೀದರ್ ಕೊಳವೆಗಳನ್ನು ಬಾನೆಟ್ ಒಳಗೆ ಎತ್ತರಕ್ಕೆ ಒಯ್ದು ಕಟ್ಟಿಸುವುದು ಮೊದಲ ಕೆಲಸ, ಖರ್ಚೂ ಕಡಿಮೆ. ಈಗಿನ ಥಾರ್‌ಗೆ ಕಂಪನಿ ಹೇಳುವ ನೀರಿನ ಮಿತಿ 650 ಮಿ.ಮೀ.; ಸ್ನಾರ್ಕಲ್ ಹಾಕಿದರೂ ಆಲ್ಟರ್ನೇಟರ್ ಮತ್ತು ವೈರಿಂಗ್ ಮೊದಲಿನ ಎತ್ತರದಲ್ಲೇ ಇರುತ್ತವೆ. ನೀರಿನ ನಡುವೆ ಎಂಜಿನ್ ನಿಂತರೆ ಮತ್ತೆ ಸ್ಟಾರ್ಟ್ ಒತ್ತಬೇಡಿ. ಸಿಲಿಂಡರಿನಲ್ಲಿ ನೀರಿದ್ದರೆ ಕನೆಕ್ಟಿಂಗ್ ರಾಡ್ ಬಾಗುತ್ತದೆ. ಎಳೆದು ದಡಕ್ಕೆ ತನ್ನಿ. ಮರುದಿನ ಬೆಳಿಗ್ಗೆ, ಗಾಡಿ ಅಲುಗಾಡಿಸುವ ಮುಂಚೆ, ಡಿಫರೆನ್ಷಿಯಲ್ ಡ್ರೈನ್ ಪ್ಲಗ್ ಸ್ವಲ್ಪವೇ ಸಡಿಲಿಸಿ: ಮೊದಲು ನೀರು ತೊಟ್ಟಿಕ್ಕಿದರೆ, ಅಥವಾ ಆಯಿಲ್ ಹಾಲು ಬೆರೆತಂತೆ ಬೆಳ್ಳಗಿದ್ದರೆ, ಪೂರ್ತಿ ಇಳಿಸಿ ಹೊಸ ಗೇರ್ ಆಯಿಲ್ ತುಂಬಿಸಿ.